ಹಿಮಗಿರಿಗೆ ಹೋಗಿ ಸಂಜೆಗೆ ಮರಳುವುದು

ಸ್ವಿಟ್ಸರ್ಲೆಂಡಿನ ಬರ್ನ್ ಪ್ರಾಂತ್ಯದಲ್ಲಿ ಇಂಟರ್‌ಲಾಕೆನ್ ಎಂಬುದೊಂದು ಊರುಂಟು. ಆಲ್ಪ್ಸ್ ಪರ್ವತಗಳನ್ನು ನೋಡಬೇಕೆಂದು ಬರುವವರಲ್ಲಿ ಅನೇಕರು ಈ ಊರಿನಲ್ಲಿ ಬಿಡಾರ ಹೂಡಿ, ದಿನಕ್ಕೊಂದು ದಿಕ್ಕಿಗೆ ಹೊರಟು, ಸಂಜೆಗೆ ಮರಳಿ ಅದೇ ಮಂಚದ ಮೇಲೆ ಮಲಗುವರು. ಬೆಳಗಿನ ಉಪಾಹಾರವನ್ನು ಸರೋವರದ ಮಟ್ಟದಲ್ಲಿ ಮುಗಿಸಿದವನು ನಡುಹಗಲಿಗೆ ಸುಮಾರು ಮೂರೂವರೆ ಸಾವಿರ ಮೀಟರ್ ಎತ್ತರದಲ್ಲಿ ಮಂಜುಗಡ್ಡೆಯ ಮೇಲೆ ನಿಂತಿರುತ್ತಾನೆ; ದೀಪ ಹಚ್ಚುವ ಹೊತ್ತಿಗೆ ಪುನಃ ಊಟದ ಮೇಜಿನ ಮುಂದೆ ಕುಳಿತಿರುತ್ತಾನೆ. ಇದು ಈಗ ಎಷ್ಟು ಸಹಜವಾಗಿ ತೋರುವುದೆಂದರೆ, ಬೆಟ್ಟವು ಹೇಗೆ ತಾನಾಗಿ ಅಲ್ಲಿರುವುದೋ ಹಾಗೆಯೇ ಈ ಒಂದು ದಿನದ ಯಾತ್ರೆಯೂ ತಾನಾಗಿ ಅಲ್ಲಿದ್ದಿತೆಂದು ಜನರು ತಿಳಿಯುವರು. ವಾಸ್ತವವಾಗಿ ಆ ದಿನವನ್ನು ಕಟ್ಟುವುದಕ್ಕೆ ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಕೆಲವರ ಪ್ರಾಣವೂ ಹೋಯಿತು.

ಊರಿನ ಹೆಸರು ಲ್ಯಾಟಿನ್ ಭಾಷೆಯಿಂದ ಬಂದದ್ದು; ಎರಡು ಸರೋವರಗಳ ನಡುವಣ ನೆಲವೆಂದು ಅದರ ಅರ್ಥ. ಪಶ್ಚಿಮಕ್ಕೆ ಥೂನ್ ಸರೋವರ, ಪೂರ್ವಕ್ಕೆ ಬ್ರಿಯೆಂಟ್ಸ್ ಸರೋವರ. ನಡುವೆ ಆರೆ ನದಿ. ದಕ್ಷಿಣಕ್ಕೆ ತಿರುಗಿ ನಿಂತರೆ ಕಣಿವೆಯ ಬಾಯಿಯಲ್ಲಿ ಯುಂಗ್‌ಫ್ರೌ ಶಿಖರವು ಬೆಳ್ಳಗೆ ಕಾಣುವುದು. ಅದರ ಎತ್ತರ 4158 ಮೀಟರ್, ಹೆಸರಿನ ಅರ್ಥ ಕನ್ಯೆ. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿ ಅಗಸ್ಟಿನ್ ಪಂಥದ ಮಠವೊಂದು ಸ್ಥಾಪಿತವಾಯಿತು. 1528ರಲ್ಲಿ ಬರ್ನ್ ನಗರವು ಮತಸುಧಾರಣೆಯನ್ನು ಒಪ್ಪಿಕೊಂಡಾಗ ಮಠವು ಮುಚ್ಚಿಹೋಗಿ, ಅದರ ಆಸ್ತಿಯು ಸರಕಾರದ ಪಾಲಾಯಿತು. ಆ ಕಾಲದವರಾರೂ ಬೆಟ್ಟ ನೋಡುವುದಕ್ಕಾಗಿ ಅಲ್ಲಿಗೆ ಬಂದವರಲ್ಲ. ದೂರದ ಬೆಟ್ಟ ನುಣ್ಣಗೆ ಎಂಬ ಮಾತು ನಮ್ಮಲ್ಲುಂಟು. ಅವರಿಗೆ ದೂರದ ಬೆಟ್ಟವೂ ನುಣ್ಣಗಿರಲಿಲ್ಲ. ಹಿಮಪಾತ, ಬಂಡೆಯುರುಳು, ಬೆಳೆಯಿಲ್ಲದ ನೆಲ, ಇಷ್ಟೇ ಅವರು ಕಂಡ ಪರ್ವತ.

ಈ ಕಣ್ಣನ್ನು ತಿದ್ದಿದವರು ಮೊದಲು ಕವಿಗಳು. ಬರ್ನ್ ನಗರದ ವೈದ್ಯನೂ ಸಸ್ಯಶಾಸ್ತ್ರಜ್ಞನೂ ಆದ ಆಲ್ಬ್ರೆಖ್ಟ್ ಫಾನ್ ಹಾಲರನು ಆಲ್ಪ್ಸ್ ಪರ್ವತಗಳನ್ನು ಕುರಿತು ಬರೆದ ಕಾವ್ಯವು 1732ರಲ್ಲಿ ಅಚ್ಚಾಯಿತು. 1779ರಲ್ಲಿ ಗಯಟೆಯು ಲೌಟರ್‌ಬ್ರುನ್ನೆನ್ ಕಣಿವೆಗೆ ಬಂದು, ಸುಮಾರು ಮುನ್ನೂರು ಮೀಟರ್ ಎತ್ತರದಿಂದ ಧೂಳಿನಂತೆ ಉದುರುವ ಸ್ಟೌಬ್‌ಬಾಖ್ ಜಲಪಾತವನ್ನು ನೋಡಿ, ಅದರಿಂದ ಪ್ರೇರಿತನಾಗಿ ಪ್ರಸಿದ್ಧವಾದ ಒಂದು ಕವಿತೆಯನ್ನು ರಚಿಸಿದನು. 1805ರಲ್ಲಿಯೂ 1808ರಲ್ಲಿಯೂ ಇಂಟರ್‌ಲಾಕೆನ್ನಿನ ಬಳಿಯ ಉನ್‌ಸ್ಪುನ್ನೆನ್ ಕೋಟೆಯ ಕೆಳಗೆ ಗೊಲ್ಲರ ಉತ್ಸವ ನಡೆಯಿತು. ಕುಸ್ತಿ, ಕಲ್ಲೆಸೆತ, ಉದ್ದನೆಯ ಆಲ್ಪ್ ಕೊಂಬಿನ ವಾದನ ಇವುಗಳೆಲ್ಲ ಅಲ್ಲಿದ್ದವು. ರಾಜ್ಯಕ್ರಾಂತಿಯ ಕಾಲದಲ್ಲಿ ಬರ್ನ್ ನಗರದವರಿಗೂ ಬೆಟ್ಟಸೀಮೆಯವರಿಗೂ ಹುಟ್ಟಿದ್ದ ವೈಮನಸ್ಯವನ್ನು ಕಳೆಯುವುದು ಅದನ್ನು ಏರ್ಪಡಿಸಿದವರ ಉದ್ದೇಶ. ಆ ಉದ್ದೇಶ ಎಷ್ಟು ಕೈಗೂಡಿತೋ, ಅದಕ್ಕಿಂತ ಹೆಚ್ಚಾಗಿ ಪರದೇಶದ ಶ್ರೀಮಂತರಿಗೆ ಊರಿನ ದಾರಿ ತಿಳಿಯಿತು. ಎರಡನೆಯ ಉತ್ಸವಕ್ಕೆ ಬಂದವರಲ್ಲಿ ಮದಾಂ ದ ಸ್ತಾಲ್ ಒಬ್ಬಳು. ಅದನ್ನು ಚಿತ್ರಿಸಿದ ವಿಜೇ ಲ ಬ್ರನ್ ಇನ್ನೊಬ್ಬಳು.

ಬಂದವರಿಗೆ ತಂಗಲು ಮನೆ ಬೇಕಾಯಿತು; ತಂಗಿದವರಿಗೆ ಹಗಲನ್ನು ಕಳೆಯುವ ಬಗೆ ಬೇಕಾಯಿತು. 1835ರಲ್ಲಿ ಥೂನ್ ಸರೋವರದ ಮೇಲೆ ಮೊದಲನೆಯ ಹೊಗೆಹಡಗು ಸಂಚರಿಸಿತು. ಇಂಗ್ಲೆಂಡಿನ ಮರ್ರೆಯ ಮಾರ್ಗದರ್ಶಿ 1838ರಲ್ಲಿಯೂ ಜರ್ಮನಿಯ ಬೇಡೆಕರನ ಸ್ವಿಸ್ ಮಾರ್ಗದರ್ಶಿ 1844ರಲ್ಲಿಯೂ ಹೊರಬಂದವು. ಇಂತಹ ಪುಸ್ತಕಗಳು ಬೆಟ್ಟದ ದಾರಿಯನ್ನು ಹೆಚ್ಚಾಗಿ ನಡೆಯುವ ಗಂಟೆಗಳಿಂದಲೇ ಅಳೆದುವು. ಇಲ್ಲಿಂದ ಅಲ್ಲಿಗೆ ಇಷ್ಟು ಗಂಟೆ, ಇಳಿಯುವುದಕ್ಕೆ ಇಷ್ಟು, ಹೇಸರಗತ್ತೆಗೆ ಇಷ್ಟು ಬಾಡಿಗೆ. ಗುಡ್ಡಗಾಡು ಕಾಲದ ಲೆಕ್ಕಕ್ಕೆ ಸಿಕ್ಕಿದ್ದು ಹೀಗೆ. ಲೌಟರ್‌ಬ್ರುನ್ನೆನ್‌ವರೆಗೆ ಗಾಡಿ, ಅಲ್ಲಿಂದ ವೆಂಗರ್ನ್ ಆಲ್ಪ್ ಎಂಬ ಹುಲ್ಲುಗಾವಲಿಗೆ ಏರು, ಕ್ಲೈನೆ ಷೈಡೆಗ್ ಎಂಬ ಕಣಿವೆದಾರಿಯನ್ನು ದಾಟಿ ಗ್ರಿಂಡೆಲ್‌ವಾಲ್ಡಿಗೆ ಇಳಿತ, ಮತ್ತೆ ಗಾಡಿಯಲ್ಲಿ ಮನೆಗೆ: ಈ ಸುತ್ತು ಬಿಡಾರವಿದ್ದವರ ಮುಖ್ಯ ಯಾತ್ರೆಯಾಯಿತು. ಗಟ್ಟಿಗರಿಗೆ ಅದು ಒಂದು ದೀರ್ಘವಾದ ಹಗಲು, ಉಳಿದವರಿಗೆ ಎರಡು. ನಡೆಯಲಾರದವರನ್ನು ನಮ್ಮ ಡೋಲಿಯವರಂತೆ ಕುರ್ಚಿಯಲ್ಲಿ ಕೂರಿಸಿ ಹೊರುವವರಿದ್ದರು. ದಾರಿಯುದ್ದಕ್ಕೂ ಪ್ರತಿಧ್ವನಿಗಾಗಿ ಕೊಂಬೂದಿ ಕಾಸು ಕೇಳುವವರೂ ಇದ್ದರು. ಈ ಹಾವಳಿ ಎಲ್ಲ ಬೆಟ್ಟಗಳಲ್ಲಿಯೂ ಇದ್ದಿತು. ಅಮೆರಿಕದ ಮಾರ್ಕ್ ಟ್ವೇನನು 1880ರಲ್ಲಿ ಪ್ರಕಟಿಸಿದ ಪ್ರವಾಸಗ್ರಂಥದಲ್ಲಿ, ರಿಗಿ ಬೆಟ್ಟವನ್ನೇರುವಾಗ ಮೊದಮೊದಲು ಹಾಡಿದವರಿಗೆ ಹಣ ಕೊಟ್ಟು, ಆಮೇಲೆ ಹಾಡದೆ ಇರುವುದಕ್ಕಾಗಿ ಹಣ ಕೊಟ್ಟೆನೆಂದು ಹೇಳಿಕೊಂಡಿದ್ದಾನೆ.

1863ರ ಬೇಸಗೆಯಲ್ಲಿ ಥಾಮಸ್ ಕುಕ್ ಎಂಬಾತನು ಸ್ವಿಟ್ಸರ್ಲೆಂಡಿಗೆ ತನ್ನ ಮೊದಲನೆಯ ಪ್ರವಾಸಮಂಡಲಿಯನ್ನು ಕರೆತಂದನು. ಇವರು ಪ್ರಭುಗಳಲ್ಲ, ಕವಿಗಳಲ್ಲ. ಇಂಗ್ಲೆಂಡಿನ ಮಧ್ಯಮವರ್ಗದ ಗೃಹಸ್ಥರು. ಅವರಲ್ಲಿ ಜೆಮೈಮಾ ಮೊರೆಲ್ ಎಂಬ ಮಹಿಳೆ ಇದ್ದಳು. ಅವಳು ದಿನಚರಿಯನ್ನು ಬರೆದಿಟ್ಟಳು. ಅದು ಎರಡನೆಯ ಮಹಾಯುದ್ಧದ ತರುವಾಯ ದೊರೆತು, ಯಾತ್ರೆಗೆ ನೂರು ವರ್ಷ ತುಂಬಿದ 1963ರಲ್ಲಿ ಪುಸ್ತಕವಾಯಿತು. ಗೆಮ್ಮಿ ಕಣಿವೆದಾರಿಯನ್ನು ದಾಟಿ ಇಂಟರ್‌ಲಾಕೆನ್ನಿಗೆ ಬಂದ ಆ ಮಂಡಲಿಯು, ಅಲ್ಲಿಂದ ಲೌಟರ್‌ಬ್ರುನ್ನೆನ್, ವೆಂಗರ್ನ್ ಆಲ್ಪ್, ಗ್ರಿಂಡೆಲ್‌ವಾಲ್ಡ್‌ಗಳ ಸುತ್ತನ್ನೂ ಗೀಸ್‌ಬಾಖ್ ಜಲಪಾತವನ್ನೂ ಮುಗಿಸಿತು. ಬೆಳಗಿನ ಜಾವದಲ್ಲಿ ಎದ್ದು, ನೆಲ ಗುಡಿಸುವ ಲಂಗಗಳನ್ನು ತೊಟ್ಟು ಹೆಂಗಸರು ಕಲ್ಲುದಾರಿಯಲ್ಲಿ ನಡೆದರು, ಹೇಸರಗತ್ತೆಗಳ ಮೇಲೆ ಕುಳಿತರು. ಸಂಜೆಯ ದಣಿವು ಎಷ್ಟಿದ್ದರೂ ಮರುದಿನದ ಪಟ್ಟಿ ಸಿದ್ಧವಾಗಿರುತ್ತಿದ್ದಿತು. ಹೊತ್ತನ್ನು ಕಟ್ಟುನಿಟ್ಟಾಗಿ ಗೊತ್ತುಮಾಡಿ, ಇಷ್ಟರಲ್ಲಿ ಇಷ್ಟನ್ನು ನೋಡಿ ಮುಗಿಸತಕ್ಕದ್ದೆಂಬ ಕ್ರಮವನ್ನು ಕುಕ್ಕನ ಯಾತ್ರಿಕರ ಮೇಲೆ ದೋಷವಾಗಿ ಹೊರಿಸಿ ಸಿರಿವಂತರು ನಕ್ಕದ್ದುಂಟು. ನಗುವವರಿಗೆ ಬೇಸಗೆಯೆಲ್ಲ ಬಿಡುವಾಗಿದ್ದಿತು. ಕುಕ್ಕನ ಜನರಿಗಿದ್ದುದು ಎಣಿಸಿದ ಕೆಲವು ದಿನಗಳು. ಅವರು ಅವಸರಪಟ್ಟದ್ದರಲ್ಲಿ ನಗತಕ್ಕದ್ದೇನೂ ಕಾಣುವುದಿಲ್ಲ.

ಮರುವರ್ಷ, ಎಂದರೆ 1864ರಲ್ಲಿ, ಇಂಟರ್‌ಲಾಕೆನ್ನಿನಲ್ಲಿ ಒಂದು ಒಳ್ಳೆಯ ಕೆಲಸ ನಡೆಯಿತು. ಊರ ನಡುವೆ ಹಳೆಯ ಮಠದ ಹುಲ್ಲುಗಾವಲು ಉಳಿದಿತ್ತು. ಅದರ ಹೆಸರು ಹೋಹೆಮಾಟ್ಟೆ. ಯುಂಗ್‌ಫ್ರೌ ಶಿಖರವು ಊರಿಗೆ ಕಾಣುವುದು ಆ ಬಯಲಿನ ಮೇಲಿಂದಲೇ. ಸರಕಾರವು ಅದನ್ನು ಮಾರಲು ಹೊರಟಾಗ, ಹೋಟೆಲುಗಳ ಯಜಮಾನರೂ ಇತರರೂ ಕೂಡಿ ಕೊಂಡುಕೊಂಡು, ಅದರ ಮೇಲೆ ಎಂದಿಗೂ ಮನೆ ಕಟ್ಟಕೂಡದೆಂದು ಕರಾರು ಮಾಡಿಕೊಂಡರು. ಲಾಭದ ದೃಷ್ಟಿಯೇ ಇದ್ದಿರಬಹುದು. ಇದ್ದರೂ ಅದು ದೂರ ನೋಡಿದ ಲಾಭ. ಆ ಬಯಲು ಈಗಲೂ ಬಯಲಾಗಿಯೇ ಉಳಿದಿದೆ.

ಆ ತರುವಾಯ ಹಳಿಗಳ ಕಾಲ. 1871ರಲ್ಲಿ ರಿಗಿ ಬೆಟ್ಟದ ಮೇಲೆ ನಿಕ್ಲಾಸ್ ರಿಗ್ಗನ್‌ಬಾಖನು ಹಲ್ಲುಹಳಿಯ ರೈಲನ್ನು ಓಡಿಸಿದ್ದನು. ಎರಡು ಹಳಿಗಳ ನಡುವೆ ಏಣಿಯಂತಹ ಮೂರನೆಯದೊಂದನ್ನು ಹಾಸಿ, ಎಂಜಿನ್ನಿನ ಹಲ್ಲುಚಕ್ರವು ಅದನ್ನು ಕಚ್ಚಿಕೊಂಡು ಏರುವಂತೆ ಮಾಡುವುದೇ ಅದರ ಯುಕ್ತಿ. 1879ರಲ್ಲಿ ಬ್ರಿಯೆಂಟ್ಸ್ ಸರೋವರದ ದಡದಿಂದ ಗೀಸ್‌ಬಾಖ್ ಹೋಟೆಲಿಗೆ ತಂತಿಯ ರೈಲಾಯಿತು. ಮೇಲಿನ ಬಂಡಿಯ ತೊಟ್ಟಿಗೆ ನೀರು ತುಂಬಿದರೆ ಅದು ಭಾರದಿಂದಿಳಿಯುವುದು, ಕೆಳಗಿನ ಬಂಡಿಯನ್ನು ಮೇಲಕ್ಕೆಳೆಯುವುದು. ಬಾವಿಯ ಎರಡು ಕೊಡಗಳ ನ್ಯಾಯವೇ. 1890ರಲ್ಲಿ ಇಂಟರ್‌ಲಾಕೆನ್ನಿನಿಂದ ಲೌಟರ್‌ಬ್ರುನ್ನೆನ್ನಿಗೂ ಗ್ರಿಂಡೆಲ್‌ವಾಲ್ಡಿಗೂ ರೈಲು ಬಂದಿತು. 1893ರಲ್ಲಿ ಆ ಎರಡು ಹಳ್ಳಿಗಳನ್ನು ಷೈಡೆಗ್ ಮೇಲಿಂದ ಕೂಡಿಸುವ ವೆಂಗರ್ನ್ ಆಲ್ಪ್ ರೈಲಾಯಿತು. ಜೆಮೈಮಾ ಮೊರೆಲ್ಲಳ ಸುತ್ತು ಮೂವತ್ತು ವರ್ಷಗಳಲ್ಲಿ ಕುಳಿತಲ್ಲಿಯೇ ಮುಗಿಯುವ ಕೆಲಸವಾಯಿತು. ಹಳಿಗಳ ಅಗಲ ಮಾತ್ರ ಒಂದೇ ಸಮನಲ್ಲ: ಕೆಳಗಿನದು ಒಂದು ಮೀಟರು, ವೆಂಗರ್ನ್ ಆಲ್ಪಿನದು 80 ಸೆಂಟಿಮೀಟರು. ಆದಕಾರಣ ಕಣಿವೆಯಲ್ಲಿ ಒಮ್ಮೆ ಬಂಡಿ ಬದಲಾಯಿಸಲೇಬೇಕು. ಇಲ್ಲಿಯ ದಿನದ ಯೋಜನೆಯೆಲ್ಲ ಈ ಬದಲಾವಣೆಗಳ ವೇಳೆಯ ಮೇಲೆಯೇ ನಿಂತಿದೆ. ಹೇಸರಗತ್ತೆಯವರೂ ಡೋಲಿಯವರೂ ಜೀವನೋಪಾಯವನ್ನು ಕಳೆದುಕೊಂಡರು.

ಅದೇ 1893ರಲ್ಲಿ ಜೂರಿಕ್ ಸೀಮೆಯ ಕೈಗಾರಿಕೋದ್ಯಮಿ ಅಡಾಲ್ಫ್ ಗೂಯರ್ ಟ್ಸೆಲ್ಲರನು ಬೆಟ್ಟದಲ್ಲಿ ಅಡ್ಡಾಡುತ್ತಿದ್ದಾಗ, ಷೈಡೆಗ್‌ನಿಂದ ಐಗರ್ ಮತ್ತು ಮ್ಯೋಂಖ್ ಪರ್ವತಗಳ ಹೊಟ್ಟೆಯೊಳಗೆ ಸುರಂಗ ಕೊರೆದು ಯುಂಗ್‌ಫ್ರೌ ಶಿಖರಕ್ಕೇ ರೈಲನ್ನು ಒಯ್ಯಬೇಕೆಂದು ಯೋಚಿಸಿದನು. 1896ರಲ್ಲಿ ಕೆಲಸ ಮೊದಲಾಯಿತು. ಮುಗಿದಷ್ಟು ಭಾಗವನ್ನು ಒಡನೆಯೇ ತೆರೆದು, ಅದರ ಆದಾಯದಿಂದ ಮುಂದಕ್ಕೆ ಕೊರೆಯುವುದೆಂಬುದು ಅವನ ಲೆಕ್ಕ. ಐಗರ್ ಪರ್ವತದ ಉತ್ತರದ ಗೋಡೆಯಲ್ಲಿ ಕಿಟಕಿಗಳನ್ನು ತೆರೆದು 1903ರಲ್ಲಿ ಅಲ್ಲೊಂದು ನಿಲ್ದಾಣವನ್ನೇ ಮಾಡಿದರು. ರೈಲು ಅಲ್ಲಿ ನಿಲ್ಲುವುದು ಇತ್ತೀಚೆಗೆ ತಪ್ಪಿದೆ. ಕೊರೆದವರು ಬಹುಮಟ್ಟಿಗೆ ಇಟಲಿಯ ಕೂಲಿಗಳು. ಚಳಿಗಾಲದಲ್ಲಿ ಕೆಳಗಿನ ದಾರಿ ಮುಚ್ಚಿಹೋದಾಗ ಅವರು ಕೂಡಿಟ್ಟ ದವಸದ ಮೇಲೆ ಹಿಮನದಿಯ ಅಂಚಿನಲ್ಲಿಯೇ ವಾಸಿಸಿದರು. 1899ರ ಫೆಬ್ರವರಿಯಲ್ಲಿ ಸಿಡಿಮದ್ದಿನ ಆಸ್ಫೋಟದಲ್ಲಿ ಆರು ಮಂದಿ ಸತ್ತರು. ಅದೇ ಏಪ್ರಿಲಿನಲ್ಲಿ ಗೂಯರ್ ಟ್ಸೆಲ್ಲರನೂ ತೀರಿಕೊಂಡನು. ಕೆಲಸ ಪೂರೈಸುವ ಹೊತ್ತಿಗೆ ಒಟ್ಟು ಮೂವತ್ತು ಮಂದಿ ಕೂಲಿಗಳು ಮಡಿದಿದ್ದರು. ಏಳು ವರ್ಷಗಳೆಂದುಕೊಂಡಿದ್ದುದು ಹದಿನಾರಾಯಿತು. ಶಿಖರದ ಆಸೆಯನ್ನು ಬಿಟ್ಟು, 3454 ಮೀಟರ್ ಎತ್ತರದ ಯುಂಗ್‌ಫ್ರೌಯೋಖ್ ಎಂಬ ಕಂದರದಲ್ಲಿ ಹಳಿಯನ್ನು ನಿಲ್ಲಿಸಿ, 1912ರ ಆಗಸ್ಟ್ 1ರಂದು ಪ್ರಾರಂಭೋತ್ಸವ ಮಾಡಿದರು. ಏಳು ಕಿಲೋಮೀಟರಿಗೂ ಮಿಕ್ಕಿದ ಆ ಸುರಂಗದಲ್ಲಿ ಕುಳಿತು ಹೋಗುವವರಿಗೆ ಹೊರಗಡೆ ಕತ್ತಲೆಯಲ್ಲದೆ ಬೇರೇನೂ ಕಾಣದು. ಅದನ್ನು ಬೇಸರವೆಂದು ದೂರುವವರು ಆ ಕತ್ತಲೆಯನ್ನು ಅಂಗುಲ ಅಂಗುಲವಾಗಿ ಒಡೆದವರನ್ನು ಒಂದು ಗಳಿಗೆ ನೆನೆಯಬಹುದು. 1936ರಲ್ಲಿ ಐಗರಿನ ಉತ್ತರದ ಗೋಡೆಯನ್ನು ಹತ್ತಹೋಗಿ ಸಿಕ್ಕಿಕೊಂಡ ನಾಲ್ವರಲ್ಲಿ ಉಳಿದಿದ್ದ ಟೋನಿ ಕುರ್ಟ್ಸ್ ಎಂಬ ತರುಣನನ್ನು ಬಿಡಿಸಲು ಮಾರ್ಗದರ್ಶಕರು ಹೊರಬಿದ್ದುದೂ ಇದೇ ಸುರಂಗದ ಒಂದು ಕಂಡಿಯಿಂದ. ಕೈಗೆಟಕುವಷ್ಟರಲ್ಲಿ, ಹಗ್ಗದಲ್ಲಿ ತೂಗುತ್ತ, ಅವನು ಪ್ರಾಣ ಬಿಟ್ಟನು.

ಎಲ್ಲ ಶಿಖರಕ್ಕೂ ಹಳಿ ಹಾಕತಕ್ಕದ್ದೇ ಎಂದು ಸ್ವಿಸ್ ಜನರು ಆಗಲೇ ಕೇಳತೊಡಗಿದ್ದರು. 1905ರಲ್ಲಿ ನಾಡಿನ ಸೊಬಗನ್ನು ಕಾಯುವ ಸಂಘವೊಂದು ಹುಟ್ಟಿತು. ಮ್ಯಾಟರ್‌ಹಾರ್ನ್ ಶಿಖರಕ್ಕೆ ರೈಲು ಹಾಕುವ ಯೋಜನೆಯನ್ನು ಅದು ವಿರೋಧಿಸಿತು, ಆ ರೈಲು ಆಗಲೂ ಇಲ್ಲ. ಯುಂಗ್‌ಫ್ರೌಯೋಖಿಗಾದರೋ ಜನಪ್ರವಾಹ ಬೆಳೆಯುತ್ತಲೇ ಹೋಗಿ, 2015ರಲ್ಲಿ ಮೊದಲ ಬಾರಿಗೆ ಒಂದೇ ವರ್ಷದಲ್ಲಿ ಹತ್ತು ಲಕ್ಷವನ್ನು ದಾಟಿತು. 2020ರ ಡಿಸೆಂಬರಿನಲ್ಲಿ ಗ್ರಿಂಡೆಲ್‌ವಾಲ್ಡಿನಿಂದ ಐಗರ್ ಹಿಮನದಿಯ ನಿಲ್ದಾಣಕ್ಕೆ ತಂತಿಯ ತೊಟ್ಟಿಲುಗಳ ಮಾರ್ಗ ತೆರೆಯಿತು. ಹದಿನೈದು ನಿಮಿಷಗಳ ಪಯಣ. ದಿನದ ತುದಿ ಹೀಗೆ ಅಗಲವಾಯಿತು, ನಡು ಸಣ್ಣದಾಯಿತು. ಆ ತೊಟ್ಟಿಲಿನಲ್ಲಿ ಹೋಗಿಬರುವವರು ವೆಂಗರ್ನ್ ಆಲ್ಪನ್ನು ಮೆಟ್ಟುವುದೇ ಇಲ್ಲ. 1816ರ ಸೆಪ್ಟೆಂಬರಿನಲ್ಲಿ ಬೈರನ್ನನು ಕುದುರೆಯಿಂದಿಳಿದು ಹಿಮಪಾತದ ಗುಡುಗನ್ನು ಕೇಳಿ ನಿಂತದ್ದು, ಅವನ ಮ್ಯಾನ್‌ಫ್ರೆಡ್ ನಾಟಕದಲ್ಲಿ ಆ ಬೆಟ್ಟಗಳು ಬಂದದ್ದು ಅಲ್ಲಿಂದ. ಶಿಖರವು ಕಾಲಕೆಳಗಿರುವುದಕ್ಕಿಂತ ಎದುರಿಗಿರುವಾಗಲೇ ಚೆನ್ನಾಗಿ ಕಾಣುವುದು. ಒಂದೇ ದಿನವುಳ್ಳವನು ವೆಂಗರ್ನ್ ಆಲ್ಪಿನಲ್ಲಿಳಿದು ಷೈಡೆಗ್‌ವರೆಗೆ ನಡೆದರೆ ನಷ್ಟವೇನೂ ಇಲ್ಲ. ಬೇಸಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟುವುದು ವಾಡಿಕೆಯಾದ್ದರಿಂದ, ಹೊರಡುವುದು ಬೆಳಗಿನ ಮೊದಲ ರೈಲುಗಳಲ್ಲಿಯೇ ಆಗಬೇಕು. ಈ ಒಂದು ವಿಷಯದಲ್ಲಿ ಜೆಮೈಮಾಳ ಕಾಲಕ್ಕೂ ಇಂದಿಗೂ ಭೇದವಿಲ್ಲ.

ಭೇದವಿರುವುದು ಗ್ರಿಂಡೆಲ್‌ವಾಲ್ಡಿನಲ್ಲಿ. ಹತ್ತೊಂಬತ್ತನೆಯ ಶತಮಾನದ ನಡುವೆ ಅಲ್ಲಿಯ ಕೆಳಗಣ ಹಿಮನದಿಯು ಕಣಿವೆಯ ತಳದವರೆಗೆ, ಸುಮಾರು ಸಾವಿರ ಮೀಟರ್ ಎತ್ತರದವರೆಗೆ, ಇಳಿದು ಬಂದಿದ್ದಿತು. ಇಂಟರ್‌ಲಾಕೆನ್ನಿನಿಂದ ಗಾಡಿಯಲ್ಲಿ ಬಂದ ಮುದುಕರೂ ಮಕ್ಕಳೂ, ಹೊಲದ ಬದುವಿನಿಂದ ಎನ್ನುವಷ್ಟು ಹತ್ತಿರದಲ್ಲಿ, ಅದನ್ನು ಕೈಯಿಂದ ಮುಟ್ಟುತ್ತಿದ್ದರು. ನೀಲಿಯ ಮಂಜುಗಡ್ಡೆಯಲ್ಲಿ ಗುಹೆ ಕಡಿದು ಕಾಸಿಗೆ ತೋರಿಸುತ್ತಿದ್ದರು. ಗಡ್ಡೆಯನ್ನು ಕೊಯ್ದು ಪರದೇಶಕ್ಕೂ ಮಾರುತ್ತಿದ್ದರು. 1770ರ ದಶಕದಲ್ಲಿ ಕಾಸ್ಪರ್ ವೋಲ್ಫನೆಂಬ ಚಿತ್ರಕಾರನು ಬರೆದ ಪಟಗಳಲ್ಲಿ ಆ ಹಿಮನದಿಯ ರೂಪವನ್ನು ಇಂದೂ ನೋಡಬಹುದು. ಸ್ಥಳದಲ್ಲಿ ನೋಡುವಂತಿಲ್ಲ. 1850ರ ದಶಕದ ತರುವಾಯ ಅದು ಹಿಂದೆ ಸರಿಯತೊಡಗಿ, ನಡುವೆ ಒಂದೆರಡು ಸಲ ತಡೆದು ನಿಂತರೂ, ಭೂಮಿಯ ಹವೆ ಬಿಸಿಯಾಗುತ್ತ ಬಂದಂತೆ ಕಣಿವೆಯನ್ನು ಬಿಟ್ಟು ಮೇಲಕ್ಕೆ ಹೊರಟುಹೋಯಿತು. ಅದು ತುಂಬಿಕೊಂಡಿದ್ದ ಇಕ್ಕಟ್ಟಾದ ಕಲ್ಲುಕಮರಿಯ ಗೋಡೆಗೆ ಮರದ ಕಾಲುದಾರಿಯನ್ನು ತಗಲಿಸಿದ್ದಾರೆ. ದಿನದ ಯಾತ್ರಿಕರು ಬಾಗಿಲಲ್ಲಿ ಚೀಟಿ ಕೊಂಡು, ನುಣುಪಾಗಿ ತೇದ ಬಂಡೆಗಳ ನಡುವೆ ಕೆಳಗೆ ಮೊರೆಯುವ ಬೂದುಬಣ್ಣದ ನೀರನ್ನು ನೋಡುತ್ತ ಒಳಗೆ ನಡೆದು ಹೋಗಿ, ಸಂಜೆಯ ರೈಲಿಗೆ ಹೊತ್ತಾಗುವ ಮುನ್ನ ಹಿಂದಿರುಗುತ್ತಾರೆ. ಆ ಸ್ಥಳವನ್ನು ಇಂದಿಗೂ ಹಿಮನದಿಯ ಕಮರಿಯೆಂದೇ ಕರೆಯುವರು.