ಮಕ್ಕಳಲ್ಲಿ ನರಸಂಬಂಧಿ ಅಂಗವೈಕಲ್ಯ: ಕಾರಣವೇನು? ತಡೆಯಬಹುದೇ?

ಮಗುವಿಗೆ ನಾಲ್ಕು ತಿಂಗಳು ತುಂಬಿದರೂ ಕುತ್ತಿಗೆ ನಿಂತಿಲ್ಲ. ಒಂಬತ್ತು ತಿಂಗಳಾದರೂ ಕೂರುತ್ತಿಲ್ಲ. 'ಇವರಪ್ಪನೂ ಹೀಗೇ ನಿಧಾನ, ತಾನಾಗಿಯೇ ಸರಿಹೋಗುತ್ತೆ ಬಿಡು' ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಹೀಗೆ ಕಾಯುವಷ್ಟರಲ್ಲಿ ಚಿಕಿತ್ಸೆ ಹೆಚ್ಚು ಫಲ ಕೊಡುವ ದಿನಗಳೇ ಕೈತಪ್ಪಿ ಹೋಗುತ್ತವೆ.

ದೇಶದ ಐದು ಕಡೆ 2ರಿಂದ 9 ವರ್ಷದ ಸುಮಾರು 4 ಸಾವಿರ ಮಕ್ಕಳನ್ನು ಪರೀಕ್ಷಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಸೆರೆಬ್ರಲ್ ಪಾಲ್ಸಿ, ಮೂರ್ಛೆರೋಗ, ಆಟಿಸಂ, ಶ್ರವಣದೋಷ, ಕಲಿಕೆಯ ತೊಂದರೆ ಮುಂತಾದವುಗಳಲ್ಲಿ ಒಂದಾದರೂ ಸರಿಸುಮಾರು ಎಂಟು ಮಕ್ಕಳಲ್ಲಿ ಒಬ್ಬರಿಗಿದೆ.

ಗರ್ಭದಲ್ಲಿ: ಮೆದುಳು ಮತ್ತು ಬೆನ್ನುಹುರಿಯ ನಾಳ ಗರ್ಭ ಕಟ್ಟಿದ ಮೊದಲ 28 ದಿನಗಳಲ್ಲೇ ಮುಚ್ಚಿಕೊಳ್ಳುತ್ತದೆ. ಬಹಳಷ್ಟು ಮಹಿಳೆಯರಿಗೆ ಆಗಿನ್ನೂ ತಾವು ಗರ್ಭಿಣಿ ಎಂದೇ ಗೊತ್ತಿರುವುದಿಲ್ಲ. ಆದ್ದರಿಂದ ಫೋಲಿಕ್ ಆಸಿಡ್ ಮಾತ್ರೆಯನ್ನು ಗರ್ಭಧಾರಣೆಗೆ ಮುನ್ನವೇ ಶುರು ಮಾಡಬೇಕು. ಅಯೋಡಿನ್ ಕೊರತೆ, ರುಬೆಲ್ಲಾ ಸೋಂಕು ಕೂಡ ಮಗುವಿನ ಮೆದುಳಿಗೆ ಹಾನಿ ಮಾಡುತ್ತವೆ.

ಹೆರಿಗೆಯ ವೇಳೆ: ಹುಟ್ಟಿದ ಕೂಡಲೇ ಮಗು ಉಸಿರಾಡದಿದ್ದರೆ ಮೆದುಳಿಗೆ ಆಮ್ಲಜನಕ ಸಿಗುವುದಿಲ್ಲ. ತರಬೇತಿ ಪಡೆದವರು ಪಕ್ಕದಲ್ಲಿದ್ದರೆ ಮೊದಲ ನಿಮಿಷದಲ್ಲೇ ನೆರವಾಗಬಲ್ಲರು. ಅವಧಿಗೆ ಮುನ್ನ ಹುಟ್ಟಿದ, ತೂಕ ಕಡಿಮೆಯಿರುವ ಶಿಶುಗಳಿಗೆ ಅಪಾಯ ಹೆಚ್ಚು.

ಹುಟ್ಟಿದ ನಂತರ: ತೀವ್ರ ಕಾಮಾಲೆ, ಮೆದುಳು ಜ್ವರ, ಅಪೌಷ್ಟಿಕತೆ ಮುಖ್ಯ ಕಾರಣಗಳು. ಕಾಮಾಲೆ ಏರುತ್ತಿದ್ದರೆ ಎಳೆಬಿಸಿಲಿಗೆ ಹಿಡಿದರೆ ಸಾಲದು, ಆಸ್ಪತ್ರೆಗೆ ಒಯ್ಯಲೇಬೇಕು.

ಸಾಮಾಜಿಕ ಹಿನ್ನೆಲೆ

ಬಡತನ, ಬಾಲ್ಯವಿವಾಹ, ಮನೆಯಲ್ಲೇ ಹೆರಿಗೆ ಈ ಅಪಾಯಗಳನ್ನು ಹೆಚ್ಚಿಸುತ್ತವೆ. ದಕ್ಷಿಣ ಭಾರತದಲ್ಲಿ ಸೋದರಮಾವ, ಅತ್ತೆಯ ಮಗನ ಜೊತೆ ಮದುವೆ ಇಂದಿಗೂ ಇದೆ. ದಂಪತಿ ಇಬ್ಬರೂ ಒಂದೇ ದೋಷಯುಕ್ತ ಜೀನ್ ಹೊತ್ತಿದ್ದರೆ ಪ್ರತಿ ಗರ್ಭದಲ್ಲೂ ಮಗುವಿಗೆ ಆ ಕಾಯಿಲೆ ಬರುವ ಸಾಧ್ಯತೆ ಶೇ. 25. ಹಾಗೆಂದು ಸಂಬಂಧದಲ್ಲಿ ಮದುವೆಯಾದವರ ಮಕ್ಕಳಿಗೆಲ್ಲ ತೊಂದರೆ ಬರುತ್ತದೆ ಎಂದಲ್ಲ.

ಕಲಬುರಗಿ, ಯಾದಗಿರಿ ಕಡೆಯಿಂದ ಮುಂಬೈ, ಪುಣೆಗೆ ದುಡಿಯಲು ಹೋಗುವ ಕುಟುಂಬಗಳಲ್ಲಿ ಊರು ಬದಲಾದಾಗ ಲಸಿಕೆ, ತಪಾಸಣೆ ತಪ್ಪಿಹೋಗುವುದುಂಟು. ತಾಯಿ ಕಾರ್ಡ್ ಜೊತೆಗಿಟ್ಟುಕೊಂಡು ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲೇ ಮುಂದುವರಿಸಿ.

ಗ್ರಹಣದ ದೋಷ, ತಾಯಿಯ ಪಾಪ ಎಂಬ ಮಾತುಗಳಿಗೆ ಆಧಾರವಿಲ್ಲ. ಇಂಥ ಮಾತಿಗೆ ಅಂಜಿ ಮಗುವನ್ನು ಮನೆಯೊಳಗೆ ಬಚ್ಚಿಟ್ಟರೆ ನಷ್ಟ ಮಗುವಿಗೇ.

ನೆರವು ಎಲ್ಲಿ?

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 18 ವರ್ಷದವರೆಗಿನ ಮಕ್ಕಳಿಗೆ ಅಂಗನವಾಡಿ, ಸರ್ಕಾರಿ ಶಾಲೆಗಳಲ್ಲಿ ಉಚಿತ ತಪಾಸಣೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಯುಡಿಐಡಿ ಕಾರ್ಡ್‌ಗೆ ದೇಶದೆಲ್ಲೆಡೆ ಮಾನ್ಯತೆ ಇದೆ. ಮಗುವಿನ ಬೆಳವಣಿಗೆಯ ಬಗ್ಗೆ ಅನುಮಾನ ಬಂದರೆ ಕಾಯಬೇಡಿ, ಮಕ್ಕಳ ವೈದ್ಯರಿಗೆ ತೋರಿಸಿ.