ಕೊಟ್ಟಿಗೆಹಾರದ ಕುಣಿಯುವ ಕಪ್ಪೆ

ಉಜಿರೆಯ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತಿದವರಿಗೆಲ್ಲ ಕೊಟ್ಟಿಗೆಹಾರ ಗೊತ್ತು. ಅಲ್ಲಿನ ನೀರುದೋಸೆಯೂ ಗೊತ್ತು. ಆ ಊರಿನ ಹೆಸರು ಲ್ಯಾಟಿನ್ ವೇಷ ತೊಟ್ಟು ಪ್ರಾಣಿಶಾಸ್ತ್ರದ ಗ್ರಂಥಗಳನ್ನು ಸೇರಿರುವುದು ಮಾತ್ರ ನಮ್ಮಲ್ಲಿ ಬಹಳ ಮಂದಿಗೆ ತಿಳಿಯದು. ಸೇರಿಸಿದ್ದು ಸುಮಾರು ಒಂದು ಅಂಗುಲದ ಕಂದು ಕಪ್ಪೆ.

ಹೆಸರಿಟ್ಟವರು ಬೆಂಗಳೂರು ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದ ಸಿ. ಆರ್. ನಾರಾಯಣ ರಾವ್ (1882–1960). 1932ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆ ಹೊರಟಾಗ ಅದರ ಮೊದಲ ಸಂಪಾದಕರೂ ಅವರೇ. ಕಪ್ಪೆಶಾಸ್ತ್ರವೆಂದರೆ ಬ್ರಿಟಿಷರ ಸ್ವತ್ತು ಎಂಬಂತಿದ್ದ ಕಾಲದಲ್ಲಿ ಅವರು ಮಲೆನಾಡಿನ ಕಪ್ಪೆಗಳನ್ನು ಪರೀಕ್ಷಿಸಿ, 1937ರಲ್ಲಿ ದಕ್ಷಿಣ ಭಾರತದ ಹೊಸ ಕಪ್ಪೆಗಳ ವಿವರಗಳನ್ನು ಪ್ರಕಟಿಸಿದರು. ಆಗಿನ ಕಡೂರು ಜಿಲ್ಲೆಯ ಕೊಟ್ಟಿಗೆಹಾರದ ಕಪ್ಪೆ ಅವುಗಳಲ್ಲೊಂದು: ‘ಕೊಟ್ಟಿಗೆಹಾರೆನ್ಸಿಸ್’. ಇಂದು ಅದು ‘ಮೈಕ್ರಿಕ್ಸಾಲಸ್’ ಕುಲದಲ್ಲಿದೆ.

ಆದರೆ ಆ ಲೇಖನಕ್ಕೆ ಆಧಾರವಾಗಿದ್ದ ಮೂಲ ಮಾದರಿಗಳು ಮುಂದೆ ಕಳೆದುಹೋದವು. ಕಚೇರಿಯಲ್ಲಿ ದುಡಿಯುವ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಕಡತದಲ್ಲಿ ಟಿಪ್ಪಣಿ ಇದೆ, ಲಗತ್ತು ಇಲ್ಲ! ಒಂದು ಕಂದು ಕಪ್ಪೆಯನ್ನು ಇನ್ನೊಂದರಿಂದ ಬೇರ್ಪಡಿಸಲು ಬರೀ ಮಾತು ಸಾಲದು. ಹೀಗಾಗಿ ಉತ್ತರ ಕನ್ನಡದ ಕತ್ತಲೆಕಾನಿನಲ್ಲೂ ಇರುವ ಈ ಕಪ್ಪೆಯನ್ನು ಸಂಶೋಧಕರು ಬಹಳ ದಿನ, 1853ರಲ್ಲಿ ಜೆರ್ಡನ್ ಹೆಸರಿಸಿದ ‘ಸ್ಯಾಕ್ಸಿಕೋಲ’ ಎಂದೇ ಕರೆದರು. 2014ರಲ್ಲಿ ದೆಹಲಿ ವಿಶ್ವವಿದ್ಯಾನಿಲಯದ ಎಸ್. ಡಿ. ಬಿಜು ಮತ್ತು ಸಂಗಡಿಗರು ಈ ಕುಲವನ್ನೆಲ್ಲ ಮತ್ತೆ ಪರಿಶೀಲಿಸಿ 14 ಹೊಸ ಪ್ರಭೇದಗಳನ್ನು ಸೇರಿಸಿದರು. ಕೊಟ್ಟಿಗೆಹಾರದ ಹೆಸರು ಉಳಿಯಿತು. ರಾಯರ ಹೆಸರೂ ಅದಕ್ಕೆ ಮುಂಚೆ, 2010ರಲ್ಲೇ, ‘ರಾವೊರ್ಕೆಸ್ಟಿಸ್’ ಎಂಬ ಪೊದೆಗಪ್ಪೆಗಳ ಕುಲಕ್ಕೆ ಸಂದಿತ್ತು.

ಇನ್ನು ಕುಣಿತದ ಮಾತು. ತೊರೆಯ ಭೋರ್ಗರೆತದಲ್ಲಿ ಕೂಗು ಎಷ್ಟು ದೂರ ಕೇಳೀತು? ಗಂಡು ಕಪ್ಪೆ ಬಂಡೆಯ ಮೇಲೆ ಕುಳಿತು ಕೂಗುತ್ತದೆ, ಬಿಳಿ ಗಂಟಲು ಮಿಡಿಸುತ್ತದೆ. ಅಷ್ಟಕ್ಕೂ ಪ್ರತಿಸ್ಪರ್ಧಿ ಜಗ್ಗದಿದ್ದರೆ ಹಿಂಗಾಲನ್ನು ನೀಟಾಗಿ ಹಿಂದಕ್ಕೆ ಚಾಚಿ, ಬೆರಳ ನಡುವಿನ ಪೊರೆ ಬಿಚ್ಚಿ ಬೀಸುತ್ತದೆ. ಸ್ಟೇಷನ್ನಿನಲ್ಲಿ ಗಾರ್ಡು ಬಾವುಟ ಬೀಸಿದ ಹಾಗೆ. ಹೆಣ್ಣು ಹಿಂಗಾಲಿನಿಂದ ತೊರೆಯ ತಳ ಕೆದರಿ ಮೊಟ್ಟೆಗಳನ್ನು ಹೂಳುತ್ತದೆ. ಇದಕ್ಕೆಲ್ಲ ಕಾಡಿನ ನೆರಳು ಬೇಕು, ಬತ್ತದ ತೊರೆ ಬೇಕು. ಕಾಡುಜಾಯಿಕಾಯಿ ಮರಗಳ ಜೌಗು ಕಾನುಗಳೋ, ಎಷ್ಟೋ ಕಡೆ ಗದ್ದೆಯಾಗಿ, ಅಡಿಕೆ ತೋಟವಾಗಿ ಹೋಗಿವೆ.

ಮಳೆಗಾಲ ಕಳೆದು ತೊರೆಗಳು ಇಳಿಯುವ ಹೊತ್ತಿಗೆ ಕುಣಿತ ಆರಂಭ, ಅದೂ ಹಗಲಿನಲ್ಲೇ. ದೀಪಾವಳಿಗೆ ಊರಿಗೆ ಹೊರಡುವ ಮಲೆನಾಡಿನ ಬಂಧುಗಳು ತೊರೆಯ ದಂಡೆಯಲ್ಲಿ ಸದ್ದಿಲ್ಲದೆ ಅರ್ಧ ಗಂಟೆ ಕುಳಿತು ನೋಡಬಹುದು.