ಹಳೆಯ ಕ್ಷೌರದ ಕತ್ತಿಗಳ ಅಂಕಿತ ಮತ್ತು ರಚನೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಇತಿಹಾಸವನ್ನು ಬರೆಯುವವರು ಶಾಸನ, ವೀರಗಲ್ಲು, ದಫ್ತರಗಳನ್ನು ಆಧಾರವಾಗಿ ಹಿಡಿಯುವುದು ರೂಢಿ. ಕಾಯಕದ ಉಪಕರಣಗಳೂ ಆಧಾರಗಳೇ ಎಂಬುದು ನಮ್ಮ ಗಮನಕ್ಕೆ ಅಷ್ಟಾಗಿ ಬಂದಿಲ್ಲ. ಕ್ಷೌರದ ಕತ್ತಿ ಅಂಥದೊಂದು ಆಧಾರ. ಬ್ಲೇಡು ಬದಲಿಸುವ ಕತ್ತಿಗಳು ಬಳಕೆಗೆ ಬಂದ ಮೇಲೆ ಹಳೆಯವು ಗುಜರಿಯ ಪಾಲಾಗುತ್ತಿವೆ. ಆದುದರಿಂದ ಅವುಗಳನ್ನು ಓದುವ ಕ್ರಮವನ್ನು ಪ್ರಕೃತ ಲೇಖನದಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಈ ಪ್ರದೇಶದ ಕ್ಷೌರವೃತ್ತಿಯವರು 12ನೆಯ ಶತಮಾನದ ಶರಣ ಹಡಪದ ಅಪ್ಪಣ್ಣನವರ ಹೆಸರಿನಿಂದ ತಮ್ಮನ್ನು ಗುರುತಿಸಿಕೊಳ್ಳುತ್ತಾರೆ. ಮುದ್ದೇಬಿಹಾಳ ತಾಲೂಕಿನ ತಂಗಡಗಿ ಆ ಶರಣರ ಗುರುಪೀಠದ ಸ್ಥಳ. ವಿಜಯನಗರದ ಸದಾಶಿವರಾಯನ ಆಳಿಕೆಯಲ್ಲಿ (1542–1570) ಅಳಿಯ ರಾಮರಾಯನು ಕೊಂಡೋಜನೆಂಬ ನಾವಿದನ ವಿಷಯದಲ್ಲಿ ಪ್ರಸನ್ನನಾಗಿ ನಾವಿದರ ತೆರಿಗೆಯನ್ನು ಬಿಟ್ಟುದು ಶಾಸನಗಳಿಂದ ವಿದಿತವಾಗುತ್ತದೆ. ವೃತ್ತಿಗೆ ಹೀಗೆ ಲಿಖಿತ ಚರಿತ್ರೆ ಉಂಟು. ಅದರ ಉಪಕರಣಕ್ಕೆ ಇಲ್ಲ.

ವಚನದ ಕರ್ತೃವನ್ನು ಅಂಕಿತದಿಂದ ಗುರುತಿಸುತ್ತೇವೆ. ಕತ್ತಿಗೂ ಅಂಕಿತವಿದೆ. ಅಲಗಿಗೂ ಹಿಡಿಯ ಕೀಲಿಗೂ ನಡುವಣ ದಪ್ಪ ಭಾಗದಲ್ಲಿ ತಯಾರಕನ ಹೆಸರನ್ನೂ ಮುದ್ರೆಯನ್ನೂ ಒತ್ತುವುದು ಪಾಶ್ಚಾತ್ಯ ಪದ್ಧತಿ. ನಕ್ಷತ್ರ ಮತ್ತು ಮಾಲ್ಟಾ ಶಿಲುಬೆ ಇಂಗ್ಲೆಂಡಿನ ಶೆಫೀಲ್ಡ್ ನಗರದ ಜೋಸೆಫ್ ರಾಜರ್ಸ್ ಸಂಸ್ಥೆಯದು. ಅವಳಿ ಮಾನವಾಕೃತಿಗಳು ಜರ್ಮನಿಯ ಜೋಲಿಂಗನ್ನಿನ ಹೆಂಕೆಲ್ಸ್ ಮನೆತನದವು. ಆದರೆ ಅವಳಿ ಮುದ್ರೆ 1731ರಲ್ಲಿ ದಾಖಲಾಯಿತೆಂಬ ಕಾರಣಕ್ಕೆ ಅದಿರುವ ಕತ್ತಿ 1731ರದೆಂದು ಹೇಳಲಾಗದು. ಮುದ್ರೆ ತಲೆಮಾರುಗಳವರೆಗೆ ನಡೆದುಬರುತ್ತದೆ. ಕಿರೀಟದೊಡನೆ ವಿಕ್ಟೋರಿಯಾ ರಾಣಿಯ ಹೆಸರಿನ ಅಕ್ಷರಗಳಿದ್ದರೆ ಕತ್ತಿ 1837ಕ್ಕೆ ಮುಂಚಿನದಲ್ಲ. ಸುಳ್ಳು ಮುದ್ರೆಗಳನ್ನು ತಡೆಯಲು ಬ್ರಿಟನ್ನಿನಲ್ಲಿ 1887ರಲ್ಲಿಯೂ ಭಾರತದಲ್ಲಿ 1889ರಲ್ಲಿಯೂ ಕಾಯಿದೆಗಳಾದ ಮೇಲೆ ದೇಶದ ಹೆಸರನ್ನು ಒತ್ತುವ ರೂಢಿ ಬಲಗೊಂಡಿತು. ತುಕ್ಕು ಹಿಡಿಯದ ಉಕ್ಕೆಂಬ ಬರಹವಿದ್ದರೆ ಅದು 1913ರಲ್ಲಿ ಹ್ಯಾರಿ ಬ್ರಿಯರ್ಲಿ ಶೆಫೀಲ್ಡಿನಲ್ಲಿ ಅಂಥ ಉಕ್ಕನ್ನು ತಯಾರಿಸಿದ ಅನಂತರದ್ದು.

ಅಂಕಿತವೊಂದನ್ನೇ ನಂಬಿ ವಚನದ ಕರ್ತೃತ್ವವನ್ನು ನಿರ್ಣಯಿಸುವುದು ಹೇಗೆ ಸಾಧುವಲ್ಲವೋ, ಕತ್ತಿಯ ವಿಷಯದಲ್ಲಿಯೂ ಹಾಗೆಯೇ. ಹೆಸರಾಂತ ಮುದ್ರೆಗಳನ್ನು ಅನುಕರಿಸಿದವರು ಅನೇಕರು. ಆಗ ರಚನೆಯೇ ಸಾಕ್ಷಿ. 18ನೆಯ ಶತಮಾನದ ಕತ್ತಿಗಳ ಅಲಗು ಬೆನ್ನಿನಿಂದ ಬಾಯಿಯವರೆಗೆ ಬೆಣೆಯಂತೆ ನೇರವಾಗಿ ಇಳಿಯುತ್ತದೆ. ಕೀಲಿನಾಚೆಯ ಬಾಲ ಇರುವುದಿಲ್ಲ, ಇಲ್ಲವೆ ಗಿಡ್ಡವಾಗಿರುತ್ತದೆ. ಬೆರಳಿಗೆ ಆಧಾರವಾಗುವ ಉದ್ದನೆಯ ಬಾಲ 19ನೆಯ ಶತಮಾನದಲ್ಲಿ ಸಾಮಾನ್ಯವಾಯಿತು. ಅಲಗಿನ ಎರಡೂ ಪಕ್ಕಗಳನ್ನು ಆಳವಾಗಿ ಒಳಬಾಗುವಂತೆ ಸಾಣೆ ಹಿಡಿಯುವ ಕ್ರಮ ಆ ಶತಮಾನದ ಉತ್ತರಾರ್ಧದಲ್ಲಿ ಹರಡಿತು; ಅದರಲ್ಲಿ ಜೋಲಿಂಗನ್ನಿನ ಕುಶಲಿಗಳು ಪ್ರಸಿದ್ಧರು. ಹಿಡಿಗೆ ಕೊಂಬು, ದಂತ, ಆಮೆಯ ಚಿಪ್ಪು ಬಳಕೆಯಾಗುತ್ತಿದ್ದವು. ಸೆಲ್ಯುಲಾಯ್ಡ್ ಅವುಗಳ ಅನಂತರದ್ದು.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಮೊದಲನೆಯದಾಗಿ, ಹಿಡಿ ಒಡೆದರೆ ಬೇರೊಂದನ್ನು ಜೋಡಿಸುವುದುಂಟು. ಆದುದರಿಂದ ಅಲಗಿನ ಕಾಲವೇ ಹಿಡಿಯ ಕಾಲವೆಂದು ಗ್ರಹಿಸತಕ್ಕದ್ದಲ್ಲ. ಎರಡನೆಯದಾಗಿ, ವರ್ಷಗಟ್ಟಲೆ ಸಾಣೆಕಲ್ಲಿನ ಮೇಲೆ ಸವೆದ ಅಗಲವಾದ ಅಲಗು ಕಿರಿದಾಗಿ ಕಾಣುತ್ತದೆ. ಬೆನ್ನಿನ ಸವೆತವನ್ನು ನೋಡಿ ಇದನ್ನು ತಿಳಿಯಬಹುದು. ಮುದ್ರೆಯಿಲ್ಲದ ಅಲಗು, ಸುತ್ತಿಗೆಯ ಗುರುತು, ಸಮವಲ್ಲದ ಮೊಳೆಗಳು ಕಂಡಲ್ಲಿ ಊರ ಕಂಬಾರನ ಕೈ ಇರುವ ಸಂಭವವನ್ನು ಪರಿಶೀಲಿಸತಕ್ಕದ್ದು. ಅವನು ಹೆಸರನ್ನು ಒತ್ತದಿದ್ದರೂ ಅವನ ಕೆಲಸವೇ ಅವನ ಅಂಕಿತ.

ಕತ್ತಿ ದೊರೆತ ಊರೂ ಮುಖ್ಯ. ಹೊಟಗಿ–ಗದಗ ರೈಲುಮಾರ್ಗ 1884ರಲ್ಲಿ ತೆರೆಯಿತು. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ನಿಲ್ದಾಣಗಳು ಅದರ ಮೇಲಿವೆ. ಸಿಂದಗಿ, ಮುದ್ದೇಬಿಹಾಳ ಪಟ್ಟಣಗಳು ಈ ಮಾರ್ಗದಿಂದ ದೂರ. ವಿದೇಶಿ ಕತ್ತಿಗಳು ರೈಲಿನ ಬದಿಯಲ್ಲಿ ಹೆಚ್ಚಾಗಿಯೂ ಕಂಬಾರನ ಕತ್ತಿಗಳು ಒಳನಾಡಿನಲ್ಲಿ ಹೆಚ್ಚಾಗಿಯೂ ಉಳಿದವೇ ಎಂಬುದು ವಿದ್ಯಾರ್ಥಿಗಳು ಕೈಕೊಳ್ಳಬಹುದಾದ ಪ್ರಶ್ನೆ.

ಆದರೆ ಪ್ರಶ್ನೆಗೆ ಉತ್ತರ ಕೊಡಬೇಕಾದ ವಸ್ತು ಉಳಿದಿರಬೇಕಷ್ಟೆ. ಹೊಳಪಿನ ಆಸೆಯಿಂದ ತುಕ್ಕನ್ನು ಉಜ್ಜಿ ತೆಗೆದರೆ ಅಕ್ಷರವೂ ಅಳಿಯುತ್ತದೆ; ಶಾಸನವನ್ನು ಕೆತ್ತಿ ಕೆಡಿಸಿದಂತೆಯೇ ಅದು. ಕತ್ತಿಯನ್ನು ಇದ್ದಂತೆಯೇ ಅಳೆದು, ಮುದ್ರೆಯ ಛಾಯಾಚಿತ್ರ ತೆಗೆದು, ಅದನ್ನು ಬಳಸಿದ ಮನೆತನದ ಹಿರಿಯರಿಂದ ಯಾವ ಸಂತೆಯಲ್ಲಿ ಕೊಂಡರು, ಯಾರು ಸಾಣೆ ಹಿಡಿದರು ಎಂಬುದನ್ನು ಕೇಳಿ ಬರೆದಿಡುವುದು ನಮ್ಮ ಕಾಲೇಜುಗಳಿಗೆ ಅಸಾಧ್ಯವಾದ ಕಾರ್ಯವಲ್ಲ. ಕತ್ತಿಯ ತಯಾರಕನ ಹೆಸರು ಉಕ್ಕಿನ ಮೇಲೆ ಉಳಿದೀತು. ಅದನ್ನು ಹಿಡಿದು ದುಡಿದವನ ಹೆಸರು ನಾವು ಬರೆದರೆ ಮಾತ್ರ ಉಳಿಯುತ್ತದೆ.